ತೋಡರ ಹಾಡು: ಹುಟ್ಟಿನಿಂದ ದಾಖಲೆಯವರೆಗೆ

ಒಂದು ಹಾಡು ಹೇಗೆ ಹುಟ್ಟುತ್ತದೆಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಸರಳವಾದುದು. ಕವಿಯ ಮನಸ್ಸಿನಲ್ಲಿ ಭಾವ ಮೂಡುತ್ತದೆ, ಅದು ಕಾಗದದ ಮೇಲೆ ಅಕ್ಷರವಾಗುತ್ತದೆ, ಸಂಗೀತಗಾರನು ಅದಕ್ಕೆ ರಾಗವನ್ನು ಹೊಂದಿಸುತ್ತಾನೆ, ಗಾಯಕನು ಹಾಡುತ್ತಾನೆ, ಕೊನೆಗೆ ಯಂತ್ರವು ಆ ಧ್ವನಿಯನ್ನು ಹಿಡಿದಿಡುತ್ತದೆ. ಎಲ್ಲ ಹಾಡುಗಳೂ ಈ ದಾರಿಯಲ್ಲೇ ನಡೆಯುತ್ತವೆಂದು ತಿಳಿದರೆ, ನಾವು ವಾಸಿಸುವ ನೀಲಗಿರಿಯಲ್ಲಿಯೇ ಅದಕ್ಕೆ ಅಪವಾದವಿದೆ. ತೋಡರ ಹಾಡಿನಲ್ಲಿ ಕವಿ ಬೇರೆ, ಗಾಯಕ ಬೇರೆ ಎಂಬ ನಿಯಮವಿಲ್ಲ. ಕಾಗದವಂತೂ ಇಲ್ಲವೇ ಇಲ್ಲ. ಅಂತಹ ಹಾಡು ಪುಸ್ತಕಕ್ಕೂ ಯಂತ್ರಕ್ಕೂ ಬಂದು ಸೇರಿದ ಚರಿತ್ರೆಯನ್ನು ನಮ್ಮ ಶಾಲೆಗಳ ಮಕ್ಕಳು ಅರಿಯುವುದು ಒಳ್ಳೆಯದು.

ತೋಡರು ಈ ಬೆಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಎಮ್ಮೆಗಳನ್ನು ಸಾಕಿಕೊಂಡು ಬಾಳಿದ ಜನ. ಉದಕಮಂಡಲವನ್ನು ಇಂಗ್ಲಿಷರು ಊಟಕಮಂಡ್ ಎಂದು ಕರೆದರಷ್ಟೆ. ಆ ಹೆಸರಿನ ಕೊನೆಯಲ್ಲಿರುವ 'ಮಂಡ್' ಎಂಬುದು ತೋಡರ ಬೀಡಿಗೆ ಸುತ್ತಲಿನವರು ಕೊಟ್ಟ ಹೆಸರೇ. ಅವರ ನುಡಿ ಕನ್ನಡದಂತೆಯೇ ದ್ರಾವಿಡ ಕುಲಕ್ಕೆ ಸೇರಿದ್ದು. ಆದರೆ ಹಲವು ಬಗೆಯ ಸಕಾರ ರಕಾರಗಳುಳ್ಳ ಆ ನುಡಿಯನ್ನು ನಮ್ಮ ಲಿಪಿಯಲ್ಲಿ ಸರಿಯಾಗಿ ಬರೆಯುವುದು ಕಷ್ಟ. ಜನಸಂಖ್ಯೆ ಯಾವ ಕಾಲದಲ್ಲಿಯೂ ದೊಡ್ಡದಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಸುಮಾರು 800 ಮಂದಿ; 2011ರ ಜನಗಣತಿಯ ವೇಳೆಗೆ ಸುಮಾರು 2000. ಇಷ್ಟು ಚಿಕ್ಕ ಸಮಾಜವು ಕಟ್ಟಿಕೊಂಡ ಹಾಡಿನ ಕಲೆ ಮಾತ್ರ ವಿದ್ವಾಂಸರನ್ನು ಬೆರಗುಗೊಳಿಸಿತು.

ಆ ಕಲೆಯ ಗುಟ್ಟು ಜೋಡಿಯಲ್ಲಿದೆ. ನಾವು ಕನ್ನಡದಲ್ಲಿ 'ಮನೆ ಮಠ', 'ದನ ಕರು', 'ಹೊಲ ಗದ್ದೆ', 'ಹಬ್ಬ ಹರಿದಿನ' ಎಂದು ಜೋಡಿಯಾಗಿ ನುಡಿಯುವುದುಂಟು. ನಮಗೆ ಇದು ಮಾತಿನ ಅಲಂಕಾರ; ತೋಡರ ಹಾಡಿಗೆ ಇದೇ ವ್ಯಾಕರಣ. ಹಾಡಿನಲ್ಲಿ ಒಂದು ವಸ್ತುವಿನ ಬಗ್ಗೆ ಒಂದು ಮಾತು ಹೇಳಿದರೆ, ಅದರ ಜೊತೆಯ ವಸ್ತುವಿನ ಬಗ್ಗೆ ಅಂತಹುದೇ ಇನ್ನೊಂದು ಮಾತನ್ನು ಹೇಳಲೇಬೇಕು. ಯಾವುದಕ್ಕೆ ಯಾವುದು ಜೊತೆ ಎಂಬುದನ್ನು ಹಾಡುವವನು ತನ್ನ ಇಷ್ಟದಂತೆ ನಿರ್ಣಯಿಸುವಂತಿಲ್ಲ. ಅದನ್ನು ಸಂಪ್ರದಾಯವು ಮೊದಲೇ ಗೊತ್ತುಮಾಡಿದೆ. ನುಡಿಯ ತುಂಡುಗಳು ಸಾಮಾನ್ಯವಾಗಿ ಮೂರು ಅಕ್ಷರಗಳವು. ಛಂದಸ್ಸಿನ ಪಾಠದಲ್ಲಿ ಅಕ್ಷರಗಣಗಳನ್ನು ಕಲಿತವರಿಗೆ ಇದು ಪರಿಚಿತವೆನಿಸಬಹುದು. ಆದರೆ ನಮ್ಮ ಗಣಗಳಲ್ಲಿ ಲಘು ಗುರುಗಳ ವ್ಯವಸ್ಥೆಯೇ ಪ್ರಧಾನ, ಅಲ್ಲಿ ಅಕ್ಷರಗಳ ಎಣಿಕೆಯೇ ಪ್ರಧಾನ. ಎಮ್ಮೆ, ಹೈನುಮನೆ, ಬೆಟ್ಟ, ತೊರೆ, ಮದುವೆ, ಮರಣ—ತೋಡರ ಬಾಳಿನ ಪ್ರತಿಯೊಂದು ಸಂಗತಿಗೂ ಹೀಗೆ ಸಿದ್ಧಪಡಿಸಿಟ್ಟ ನುಡಿಜೋಡಿಗಳಿವೆ.

ಎಲ್ಲ ನುಡಿಯೂ ಮೊದಲೇ ಸಿದ್ಧವಾಗಿದ್ದರೆ ಹೊಸ ಹಾಡಿಗೆ ಅವಕಾಶವೆಲ್ಲಿ ಎಂದು ಓದುಗರು ಕೇಳಬಹುದು. ಇಟ್ಟಿಗೆಗಳೆಲ್ಲ ಒಂದೇ ಅಚ್ಚಿನವಾದರೂ ಕಟ್ಟಿದ ಮನೆಗಳು ಬೇರೆ ಬೇರೆಯಾಗಿರುವುದಿಲ್ಲವೆ? ಒಂದು ಸಾವು ಸಂಭವಿಸುತ್ತದೆ. ಒಂದು ಮದುವೆ ನಡೆಯುತ್ತದೆ. ಒಂದು ಒಳ್ಳೆಯ ಎಮ್ಮೆ ಕಳೆದುಹೋಗುತ್ತದೆ. ಹಾಡು ಬಲ್ಲವನು ಆ ಸಂಗತಿಯನ್ನು ಕಂಡ ಕೂಡಲೆ ತನ್ನ ನೆನಪಿನ ಭಂಡಾರದಿಂದ ತಕ್ಕ ಜೋಡಿಗಳನ್ನು ಆರಿಸಿ ಹಾಡು ಕಟ್ಟುತ್ತಾನೆ. ಸತ್ತವನು ಯಾವ ಬೀಡಿನವನು, ಯಾವ ಎಮ್ಮೆಗಳನ್ನು ಸಾಕಿದನು, ಯಾವ ದಾರಿಯಲ್ಲಿ ನಡೆದನು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆದುದರಿಂದ ಒಬ್ಬನಿಗಾಗಿ ಕಟ್ಟಿದ ಹಾಡು ಇನ್ನೊಬ್ಬನಿಗೆ ಸಲ್ಲುವುದಿಲ್ಲ.

ಹಾಡು ಬಾಯಿಗೆ ಬರುವ ರೀತಿಯೂ ನಾವು ಎಣಿಸಿದಂತಿಲ್ಲ. ಶವಸಂಸ್ಕಾರದ ಸಮಯದಲ್ಲಿ ಗಂಡಸರು ವರ್ತುಲವಾಗಿ ನಿಂತು, ಹೆಜ್ಜೆಯ ಲಯಕ್ಕೆ ಸರಿಯಾಗಿ 'ಹೌ ಹೌ' ಎಂದು ಒಟ್ಟಾಗಿ ಕೂಗುತ್ತ ಕುಣಿಯುತ್ತಾರೆ. ಹಾಡು ಕಟ್ಟುವವನು ಅದರ ನಡುವೆ ನುಡಿಯ ತುಂಡುಗಳನ್ನು ಕೂಗಿ ಹೇಳುತ್ತಾನೆ. ಕುಳಿತು ಹಾಡುವ ಹಾಡಿನಲ್ಲಿಯೂ ಮಾತು ನಾದದಲ್ಲಿ ಕರಗಿ, ಕೇಳುವವರಿಗೆ ಸ್ಪಷ್ಟವಾಗಿ ತಿಳಿಯುವುದು ಕಡಮೆ. ಆದರೂ ಜೋಡಿಗಳನ್ನು ಬಲ್ಲ ತೋಡನು ಅರ್ಧ ಕೇಳಿದರೆ ಸಾಕು, ಉಳಿದರ್ಧವನ್ನು ತಾನೇ ತುಂಬಿಕೊಳ್ಳಬಲ್ಲನು. ಹಾಡು ಹೀಗೆ ಹಾಡುವವನ ಬಾಯಿಗೂ ಕೇಳುವವನ ನೆನಪಿಗೂ ಹಂಚಿಹೋಗಿರುತ್ತದೆ.

ಈ ಹಾಡನ್ನು ಹಿಡಿದಿಡಲು ಮೊದಲು ಯತ್ನಿಸಿದವರಲ್ಲಿ ಕೇಂಬ್ರಿಜ್ಜಿನ ಡಬ್ಲ್ಯು. ಎಚ್. ಆರ್. ರಿವರ್ಸ್ ಪ್ರಮುಖರು. ವೈದ್ಯರೂ ಮನಶ್ಶಾಸ್ತ್ರಜ್ಞರೂ ಆದ ಅವರು 1898ರಲ್ಲಿ ಟಾರಸ್ ಜಲಸಂಧಿಯ ದ್ವೀಪಗಳಿಗೆ ಹೋದ ಸಂಶೋಧಕರ ತಂಡದಲ್ಲಿದ್ದವರು. 1901-02ರಲ್ಲಿ ನೀಲಗಿರಿಗೆ ಬಂದರು. ಅವರೊಡನೆ ಫೋನೋಗ್ರಾಫ್ ಯಂತ್ರವಿತ್ತು. ಅದರ ತುತ್ತೂರಿಯ ಮುಂದೆ ಹಾಡಿದರೆ, ತಿರುಗುವ ಮೇಣದ ಉರುಳೆಯ ಮೇಲೆ ಸೂಜಿಯೊಂದು ಧ್ವನಿಯ ಗೆರೆಯನ್ನು ಕೊರೆಯುತ್ತಿತ್ತು. ಒಂದು ಉರುಳೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಎರಡು ನಿಮಿಷದ ಧ್ವನಿ ಮಾತ್ರ. ಮತ್ತೆ ಮತ್ತೆ ಕೇಳಿದಷ್ಟೂ ಮೇಣ ಸವೆಯುತ್ತಿತ್ತು. ರಾತ್ರಿಯೆಲ್ಲ ಹಾಡಬಲ್ಲವರ ಹಾಡಿಗೆ ಎರಡು ನಿಮಿಷದ ಪಾತ್ರೆ! ರಿವರ್ಸ್ ಅವರಿಗೆ ತೋಡರ ನುಡಿ ಬಾರದು. ದುಭಾಷಿಗಳ ನೆರವಿನಿಂದ ಕೆಲಸ ನಡೆಸಿದರು. 1906ರಲ್ಲಿ ಪ್ರಕಟವಾದ ಅವರ 'ದಿ ತೋಡಾಸ್' ಎಂಬ ಗ್ರಂಥವು ಇಂದಿಗೂ ಪ್ರಸಿದ್ಧ. ಆ ಉರುಳೆಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದ ಸಂಗ್ರಹಕ್ಕೆ ಸೇರಿವೆ. ಆದರೆ ಅವುಗಳಲ್ಲಿ ಮುಖ್ಯವಾಗಿ ಉಳಿದುದು ನಾದ. ಮಾತಿನ ಬಹುಭಾಗವು ನಾದದೊಳಗೆ ಮುಳುಗಿಯೇ ಹೋಯಿತು.

ಮಾತನ್ನು ಉಳಿಸಿದವರು ಇನ್ನೊಬ್ಬರು. ಕೆನಡಾ ದೇಶದಲ್ಲಿ 1904ರಲ್ಲಿ ಹುಟ್ಟಿದ ಮರ್ರೆ ಬಿ. ಎಮೆನೋ ಅವರು ಸಂಸ್ಕೃತವನ್ನು ವ್ಯಾಸಂಗ ಮಾಡಿದ ಭಾಷಾಶಾಸ್ತ್ರಜ್ಞರು. 1935ರಿಂದ 1938ರವರೆಗೆ ಭಾರತದಲ್ಲಿದ್ದು ತೋಡ, ಕೋತ, ಕೊಡವ, ಕೋಲಾಮಿ ನುಡಿಗಳನ್ನು ಅಭ್ಯಸಿಸಿದರು. ತೋಡರ ನುಡಿಯ ಒಂದೊಂದು ಧ್ವನಿಗೂ ಸಂಕೇತವನ್ನು ಗೊತ್ತುಮಾಡಿಕೊಂಡು, ಹಾಡು ಬಲ್ಲವರಿಂದ ಮಾತನ್ನು ನಿಧಾನವಾಗಿ ಹೇಳಿಸಿ ಬರೆದುಕೊಂಡರು. ಬರೆದಷ್ಟರಿಂದಲೇ ಹಾಡು ತಿಳಿಯಲಿಲ್ಲ. ಯಾವ ಎಮ್ಮೆ, ಯಾವ ಊರು, ಯಾವ ಸಾವು, ಈ ಮಾತಿಗೆ ಆ ಮಾತು ಏಕೆ ಜೊತೆ ಎಂದು ಪ್ರತಿಯೊಂದು ನುಡಿಗೂ ವಿವರಣೆ ಬೇಕಾಯಿತು. ಇನ್ನೂರಕ್ಕೂ ಮಿಕ್ಕ ಹಾಡುಗಳುಳ್ಳ ಅವರ 'ತೋಡ ಸಾಂಗ್ಸ್' ಎಂಬ ಬೃಹದ್ಗ್ರಂಥವು 1971ರಲ್ಲಿ ಹೊರಬಂದಿತು. ಕೇಳಿ ಬರೆದ ಕಾಲಕ್ಕೂ ಅಚ್ಚಾದ ಕಾಲಕ್ಕೂ ನಡುವೆ ಮೂವತ್ತು ವರ್ಷಗಳಿಗಿಂತ ಹೆಚ್ಚಿನ ಅಂತರ. ಕ್ಷಣದಲ್ಲಿ ಕಟ್ಟಿದ ಹಾಡು ಪುಸ್ತಕವಾಗಲು ಒಂದು ತಲೆಮಾರೇ ಹಿಡಿಯಿತು!

ಸರಿಸುಮಾರು ಅದೇ ಕಾಲದಲ್ಲಿ, ಎಂದರೆ 1933ರಿಂದ 1935ರವರೆಗೆ, ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸರು ಯುಗೋಸ್ಲಾವಿಯದಲ್ಲಿ ವೀರಗಾಥೆಗಳನ್ನು ಹಾಡುವವರ ಧ್ವನಿಯನ್ನು ಅಲ್ಯೂಮಿನಿಯಮ್ ತಟ್ಟೆಗಳ ಮೇಲೆ ಹಿಡಿಯುತ್ತಿದ್ದರು. ಓದುಬರಹ ಬಾರದ ಗಾಯಕರೂ ಸಿದ್ಧ ನುಡಿಗಟ್ಟುಗಳ ಬಲದಿಂದ ಸಾವಿರಾರು ಸಾಲುಗಳನ್ನು ಹಾಡುತ್ತ ಹಾಡುತ್ತಲೇ ಕಟ್ಟುವರೆಂದು ಅಲ್ಲಿ ಕಂಡುಬಂದಿತು. 1958ರಲ್ಲಿ ಎಮೆನೋ ಅವರು ತೋಡರನ್ನು ದಕ್ಷಿಣ ಭಾರತದ ಬಾಯ್ದೆರೆಯ ಕವಿಗಳೆಂದು ಕರೆದು ಲೇಖನ ಬರೆದಾಗ, ಲೋಕದ ವಿದ್ವಾಂಸರು ಚರ್ಚಿಸುತ್ತಿದ್ದ ಪ್ರಶ್ನೆಗೆ ನಮ್ಮ ಬೆಟ್ಟದಿಂದಲೂ ಒಂದು ಉತ್ತರ ಹೋದಂತಾಯಿತು. ಅಲ್ಲಿ ಹಾಡುವವರು ನುರಿತ ಕೆಲವರು. ಇಲ್ಲಿಯಾದರೋ ಹಾಡು ಕಟ್ಟುವುದು ಸಮಾಜದ ಸಾಮಾನ್ಯ ವಿದ್ಯೆಯಾಗಿತ್ತು.

ನಮ್ಮ ನೆರೆಯ ಕೊಡಗಿನಲ್ಲಿ ಈ ಕೆಲಸವನ್ನು ಹೊರಗಿನವರಿಗಾಗಿ ಕಾಯದೆ ನಾಡವರೇ ಮಾಡಿದರು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಬಾಯಿಹಾಡುಗಳನ್ನು ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ 'ಪಟ್ಟೋಲೆ ಪಳಮೆ'ಯನ್ನು 1924ರಲ್ಲಿ ಅಚ್ಚುಹಾಕಿಸಿದರು. ಕನ್ನಡದ ಅಕ್ಷರವು ನೆರೆಯ ಸೋದರನುಡಿಗೆ ಮಾಡಿದ ಈ ಸೇವೆ ನಮಗೆ ಹೆಮ್ಮೆಯ ವಿಷಯ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಜಪಾನಿನ ತ್ಸುಯೋಶಿ ನಾರಾ ಹಾಗೂ ನಮ್ಮ ದೇಶದ ಪೆರಿ ಭಾಸ್ಕರರಾವ್ ಅವರು ತೋಡರ ಹಾಡುಗಳ ಮಾತು, ಅನುವಾದ, ಧ್ವನಿ ಮೂರನ್ನೂ ಒಟ್ಟಿಗೆ ಪ್ರಕಟಿಸಿದರು. ರಿವರ್ಸ್ ಅವರ ಉರುಳೆಯಲ್ಲಿ ನಾದ, ಎಮೆನೋ ಅವರ ಪುಸ್ತಕದಲ್ಲಿ ನುಡಿ ಎಂದು ಅಗಲಿದ್ದ ಎರಡು ಭಾಗಗಳು ಹೀಗೆ ಒಂದೆಡೆ ಕೂಡಿದವು.

ಹಾಗಾದರೆ ಹಾಡು ಉಳಿಯಿತೆ? ದಾಖಲೆ ಉಳಿಯಿತು ಎನ್ನಬಹುದು. ದಾಖಲೆಯಾದುದು ಎಂದೋ ಒಂದು ದಿನ ಒಬ್ಬನಿಗಾಗಿ ಕಟ್ಟಿದ ಹಾಡು. ಆದರೆ ತೋಡರ ನಿಜವಾದ ಸಂಪತ್ತು ನಾಳೆಯ ಸಂಗತಿಗೆ ನಾಳೆಯೇ ಹಾಡು ಕಟ್ಟುವ ಶಕ್ತಿ. ಆ ಶಕ್ತಿಗೆ ಜೋಡಿಗಳು ನೆನಪಿನಲ್ಲಿರಬೇಕು. ಜೋಡಿಗಳು ನೆನಪಿನಲ್ಲಿರಲು ಅವು ಹೆಸರಿಸುವ ಎಮ್ಮೆಗಳೂ ಹುಲ್ಲುಗಾವಲುಗಳೂ ಕಣ್ಣೆದುರಿನಲ್ಲಿರಬೇಕು. ಹುಲ್ಲುಗಾವಲಿನ ಎಷ್ಟೋ ಭಾಗವನ್ನು ನೀಲಗಿರಿ ಮರವೂ ಸೀಗೆಜಾತಿಯ ವಾಟಲ್ ಮರವೂ ಆಕ್ರಮಿಸಿವೆ. ಇದ್ದ ವಸ್ತು ಹೋದರೆ ಅದರ ಹೆಸರು ಬರಿಯ ಉಚ್ಚಾರಣೆಯಾಗಿ ಉಳಿಯುತ್ತದೆ.

ಉಪಾಧ್ಯಾಯರಾದ ನಮಗೆ ಇದರಲ್ಲಿ ಒಂದು ಪಾಠವಿದೆ. ಮಕ್ಕಳಿಂದ ಅವರ ಮನೆಯ ಹಾಡುಗಳನ್ನು ನಾವು ಬರೆಸುವುದುಂಟು. ಅದು ಕನ್ನಡದ ತ್ರಿಪದಿಯಾಗಲಿ, ಬಡಗರ ಹಾಡಾಗಲಿ, ಮಾತನ್ನು ಮಾತ್ರ ಬರೆಸಿ ತೃಪ್ತರಾಗಬಾರದು. ಹಾಡಿದ ಅಜ್ಜಿಯ ಧ್ವನಿಯನ್ನೂ ಹಿಡಿದಿಡಬೇಕು. ಯಾವ ಕೆಲಸದಲ್ಲಿ, ಯಾರ ಮುಂದೆ, ಏತಕ್ಕಾಗಿ ಹಾಡುತ್ತಿದ್ದರೆಂಬುದನ್ನೂ ಕೇಳಿ ಬರೆಯಿಸಬೇಕು. ರಿವರ್ಸ್ ಅವರ ಭಾರವಾದ ಯಂತ್ರಕ್ಕೆ ಎರಡು ನಿಮಿಷ ದೊರೆತಿತ್ತು. ಇಂದಿನ ಮೊಬೈಲ್ ಫೋನಿಗೆ ಗಂಟೆಗಟ್ಟಲೆ ಅವಕಾಶವಿದೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಯಂತ್ರವು ಕೇಳಲಾರದು. ಅದನ್ನು ಕೇಳುವವರು ಮಕ್ಕಳು, ಕೇಳಲು ಕಲಿಸುವವರು ನಾವು.