ಐಸಿಯು ರೌಂಡ್ಸ್‌ನಲ್ಲೊಬ್ಬ ಫಾರ್ಮಸಿಸ್ಟ್: ಸಂಬಳದ ಲೆಕ್ಕ, ಉಳಿತಾಯದ ಲೆಕ್ಕ

ಔಷಧದ ತಪ್ಪುಗಳನ್ನು ತಡೆಯಲು ಸಿಬ್ಬಂದಿ ಹೆಚ್ಚಿಸಿದರೆ ಆಸ್ಪತ್ರೆಗೆ ನಷ್ಟವೋ ಲಾಭವೋ ಎಂಬ ಚರ್ಚೆ ಎದ್ದಾಗಲೆಲ್ಲ ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಅಧ್ಯಯನವೊಂದರ ಹೆಸರು ಬರುತ್ತದೆ. ಲೂಸಿಯನ್ ಲೀಪ್ ಮತ್ತು ಸಂಗಡಿಗರು ಅದನ್ನು 1999ರಲ್ಲಿ ಪ್ರಕಟಿಸಿದರು. ಅಲ್ಲಿನ ಐಸಿಯುವಿನಲ್ಲಿ ಹಿರಿಯ ಫಾರ್ಮಸಿಸ್ಟ್ ಒಬ್ಬರು ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರ ಜೊತೆಗಿದ್ದು, ಔಷಧ ಬರೆಯುವ ಹೊತ್ತಿಗೇ ಸಲಹೆ ಕೊಡುತ್ತಿದ್ದರು. 366 ಸಲಹೆಗಳಲ್ಲಿ 362 ಒಪ್ಪಿಗೆಯಾದವು. ಬರೆಯುವ ಹಂತದ ತಪ್ಪುಗಳಿಂದಾಗುವ, ತಡೆಯಬಹುದಾದ ಹಾನಿಯ ಪ್ರಕರಣಗಳು 1,000 ರೋಗಿ-ದಿನಗಳಿಗೆ 10.4 ಇದ್ದದ್ದು 3.5ಕ್ಕೆ ಇಳಿದವು. ವರ್ಷಕ್ಕೆ ಸುಮಾರು 2,70,000 ಡಾಲರ್ ಉಳಿತಾಯವೆಂದು ಅಂದಾಜಿಸಲಾಯಿತು.

ಈ ಅಂದಾಜನ್ನು ಬಿಡಿಸಿ ನೋಡಬೇಕು. ತಡೆಯಬಹುದಾದ ಪ್ರತಿ ಹಾನಿಗೂ 4,685 ಡಾಲರ್ ಹೆಚ್ಚುವರಿ ವೆಚ್ಚವೆಂದು ಡೇವಿಡ್ ಬೇಟ್ಸ್ ತಂಡ 1997ರಲ್ಲಿ ಹೇಳಿತ್ತು. ತಪ್ಪಿದ ಹಾನಿಗಳ ಸಂಖ್ಯೆಯನ್ನು ಅದರಿಂದ ಗುಣಿಸಿದಾಗ ಬಂದ ಮೊತ್ತವಿದು, ಕೈಸೇರಿದ ಹಣವಲ್ಲ. ರೋಗಿ ಎರಡು ದಿನ ಮೊದಲೇ ಮನೆಗೆ ಹೋದನೆಂದು ಆ ರಾತ್ರಿಯ ನರ್ಸ್ ಸಂಬಳ ಉಳಿಯುವುದಿಲ್ಲ. ಹಾಸಿಗೆ ಖಾಲಿಯಾಗುತ್ತದೆ, ಅಷ್ಟೆ. ಫಾರ್ಮಸಿಸ್ಟ್ ಸಂಬಳವಾದರೋ ತಿಂಗಳು ತಿಂಗಳು ಒಂದೇ ವಿಭಾಗದ ಖರ್ಚಿಗೆ ಬೀಳುತ್ತದೆ. ಆಡಳಿತದವರ ಹಿಂಜರಿಕೆಯನ್ನು ಬರೀ ಜಿಪುಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನೊಂದು ತೊಡಕು ಹೆಚ್ಚು ಮುಖ್ಯ. ಬಾಸ್ಟನ್ನಿನ ಎರಡು ಆಸ್ಪತ್ರೆಗಳನ್ನು ಕುರಿತ 1995ರ ಅಧ್ಯಯನದ ಪ್ರಕಾರ, ತಡೆಯಬಹುದಾಗಿದ್ದ ಹಾನಿಗೆ ಕಾರಣವಾದ ತಪ್ಪುಗಳಲ್ಲಿ ಶೇ. 56 ಔಷಧ ಬರೆಯುವಾಗ ಆದವು, ಶೇ. 34 ಕೊಡುವಾಗ. ಬರೆಯುವ ಹಂತದ ತಪ್ಪುಗಳಲ್ಲಿ ಶೇ. 48 ರೋಗಿಯನ್ನು ತಲುಪುವ ಮೊದಲೇ ಸಿಕ್ಕಿಬಿದ್ದವು. ಕೊಡುವ ಹಂತದ್ದು ಒಂದೂ ಸಿಗಲಿಲ್ಲ. ಸಿರಿಂಜ್ ಹಿಡಿದು ನಿಂತ ನರ್ಸ್ ಆದಮೇಲೆ ನೋಡುವವರು ಯಾರಿದ್ದಾರೆ? ಅಲ್ಲಿ ಇನ್ನೊಂದು ಜೊತೆ ಕಣ್ಣು ಬೇಕೆಂದರೆ ಬೆಳಗಿನ ಅರ್ಧ ದಿನಕ್ಕೆ ಒಬ್ಬರು ಸಾಲದು. ಮೂರೂ ಶಿಫ್ಟ್‌ಗಳಲ್ಲಿ, ಎಚ್ಚರಿಕೆ ಬೇಕಾದ ಪ್ರತಿ ಡೋಸ್‌ಗೂ ಜನ ಬೇಕು.

ಇದ್ದವರಲ್ಲೇ ಒಬ್ಬರನ್ನು ಕರೆದರಾಯಿತಲ್ಲ ಎನ್ನುವವರಿದ್ದಾರೆ. ಇನ್ಸುಲಿನ್ ಲೇಬಲ್ ನೋಡಲು ಪಕ್ಕದ ನರ್ಸನ್ನು ಕರೆದರೆ ಅವರು ಕೊಡುತ್ತಿದ್ದ ಔಷಧ ನಡುವೆ ನಿಲ್ಲುತ್ತದೆ. ಸಿಡ್ನಿಯಲ್ಲಿ ಜೊಹಾನಾ ವೆಸ್ಟ್‌ಬ್ರೂಕ್ ತಂಡ 2010ರಲ್ಲಿ ಕಂಡುಕೊಂಡಂತೆ, ಇಂಥ ಒಂದೊಂದು ಅಡಚಣೆಯೊಂದಿಗೂ ಕ್ಲಿನಿಕಲ್ ತಪ್ಪುಗಳಲ್ಲಿ ಶೇ. 12.7ರಷ್ಟು ಏರಿಕೆಯಿತ್ತು. ಹೀಗೆ ಪುಕ್ಕಟೆಯಾಗಿ ಕಾಣುವ ಮರುಪರಿಶೀಲನೆಯ ಬೆಲೆಯನ್ನು ಪಕ್ಕದ ಹಾಸಿಗೆಯ ರೋಗಿ ತೆರಬೇಕಾದೀತು.

ಐಸಿಯುವಿಗೆ ಫಾರ್ಮಸಿಸ್ಟ್ ಬೇಕೆಂದು ವಾದಿಸಲು ಬಾಸ್ಟನ್ನಿನ ಅಂಕಿ ಸಾಕು. ವಾರ್ಡಿಗೆ ಎಷ್ಟು ನರ್ಸ್‌ಗಳು ಬೇಕೆಂಬುದನ್ನು ಅದೇ ಅಂಕಿಯಿಂದ ತೀರ್ಮಾನಿಸಲಾಗದು. ಅದಕ್ಕೆ ಬೇರೆಯೇ ಲೆಕ್ಕ ಆಗಬೇಕು.