ಡೋಲಿಯಿಂದ ಆಂಬುಲೆನ್ಸಿನವರೆಗೆ

ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ನಾಲ್ಕು ದಾನಗಳಿಗೆ ಶ್ರೀ ಕ್ಷೇತ್ರ ಧರ್ಮಸ್ಥಳವು ಹೆಸರಾಂತುದೆಂಬುದು ವಾಚಕರಿಗೆ ಸುವಿದಿತವೇ ಸರಿ. ಈ ನಾಲ್ಕರಲ್ಲಿ ಔಷಧಕ್ಕೂ ಅಭಯಕ್ಕೂ ನಡುವೆ ಇನ್ನೊಂದು ಸೇವೆಯುಂಟು. ಔಷಧವಿರುವಲ್ಲಿಗೆ ರೋಗಿಯನ್ನು ಜೀವಸಹಿತ ಮುಟ್ಟಿಸುವುದೇ ಅದು. ಅದಕ್ಕೆ ಪ್ರತ್ಯೇಕವಾದ ಹೆಸರಿಲ್ಲ. ಅದರ ಚರಿತ್ರೆಯನ್ನು ಬರೆದಿಟ್ಟವರೂ ವಿರಳ. ನಮ್ಮ ಕಡೆಯಲ್ಲಿ ಈ ಸೇವೆಯು ಬಹುಮಟ್ಟಿಗೆ ಮನೆತನಗಳ ಕೈಯಲ್ಲಿಯೇ ನಡೆದು ಬಂದಿರುವುದರಿಂದ ಆ ವೃತ್ತಾಂತವನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುವೆವು.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೂಲವು 1848ಕ್ಕೆ ಸೇರಿದುದು. ಕಂಕನಾಡಿಯಲ್ಲಿ ಫಾದರ್ ಮುಲ್ಲರರು ಔಷಧ ಹಂಚತೊಡಗಿದುದು 1880ರಲ್ಲಿ. ಹಾಗಾಗಿ ಜಿಲ್ಲೆಯಲ್ಲಿ ಔಷಧವಿರಲಿಲ್ಲವೆಂದು ಹೇಳಲಾಗದು; ಇಲ್ಲದಿದ್ದುದು ದಾರಿ. ಧರ್ಮಸ್ಥಳದಿಂದ ಮಂಗಳೂರಿಗೆ ಸುಮಾರು 75 ಕಿಲೋಮೀಟರು. ನಡುವೆ ಕಾಡು, ಹೊಳೆ, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಉಳ್ಳವರಿಗೆ ಮೇನೆಯಿತ್ತು, ಬಡವರಿಗೆ ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿದ ಡೋಲಿಯೇ ಗತಿ. ಹೊರುತ್ತಿದ್ದವರು ಮನೆಯವರು, ನೆರೆಯವರು. ಅದಕ್ಕೆ ಕೂಲಿಯಿರಲಿಲ್ಲ, ಋಣವಿತ್ತು. ಇಂದು ನನ್ನ ಮನೆಯ ರೋಗಿಗೆ ನೀನು ಹೆಗಲು ಕೊಟ್ಟರೆ ನಾಳೆ ನಿನ್ನ ಮನೆಯವರಿಗೆ ನಾನು ಕೊಡತಕ್ಕದ್ದು, ಇಷ್ಟೇ ಕರಾರು. ಘಟ್ಟದ ತಪ್ಪಲಿನ ಕೆಲವು ಮಲೆಕುಡಿಯ ವಸತಿಗಳಲ್ಲಿ ಮಳೆಗಾಲದ ಮಟ್ಟಿಗೆ ಈ ಡೋಲಿಯು ಇನ್ನೂ ಚರಿತ್ರೆಯ ಪುಟವನ್ನು ಸೇರಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ.

ಹೊರುವುದು ಬೇರೆ, ಹೊರುತ್ತಲೇ ಉಪಚರಿಸುವುದು ಬೇರೆ. ಈ ಭೇದವನ್ನು ಜಗತ್ತಿಗೆ ಕಾಣಿಸಿಕೊಟ್ಟವರಲ್ಲಿ ಫ್ರೆಂಚ್ ಸೈನ್ಯದ ಶಸ್ತ್ರವೈದ್ಯ ಲಾರೆಯು ಅಗ್ರಗಣ್ಯನು. ಗಾಯಗೊಂಡವರು ಯುದ್ಧ ಮುಗಿಯುವ ತನಕ ರಣರಂಗದಲ್ಲಿಯೇ ಬಿದ್ದಿರುತ್ತಿದ್ದುದನ್ನು ಕಂಡು, ಅವರನ್ನು ಒಡನೆಯೇ ಎತ್ತಿ ತರುವ ಹಗುರವಾದ ಕುದುರೆಗಾಡಿಗಳನ್ನು 1792ರಲ್ಲಿ ಅವನು ಯೋಜಿಸಿದನು. ಇಂಗ್ಲೆಂಡಿನಲ್ಲಿ 1877ರಲ್ಲಿ ಹುಟ್ಟಿದ ಸೇಂಟ್ ಜಾನ್ ಆಂಬುಲೆನ್ಸ್ ಸಂಘವು ಪ್ರಥಮ ಚಿಕಿತ್ಸೆಯ ವಿದ್ಯೆಯನ್ನು ಸಾಮಾನ್ಯ ಜನರಿಗೆ ಕಲಿಸಿತು.

ನಮ್ಮ ಜಿಲ್ಲೆಗೆ ಮೊದಲು ಬಂದುದು ಗಾಡಿ. ಉಪಚಾರವು ಬಹಳ ಹಿಂದೆ ಉಳಿಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಮೋಟಾರು ಬಸ್ಸುಗಳನ್ನು ಓಡಿಸತೊಡಗಿತು. ಅನಂತರ ಹಲವು ಮನೆತನಗಳು ಈ ಉದ್ಯಮಕ್ಕಿಳಿದವು. ಖಾಸಗಿ ಬಸ್ಸುಗಳು ಇಂದಿಗೂ ಜಿಲ್ಲೆಯ ಜೀವನಾಡಿಯಾಗಿರುವುದು ಆ ಪರಂಪರೆಯಿಂದಲೇ. ತಂದೆ ಓಡಿಸಿದ ಗಾಡಿಯನ್ನು ಮಗನು ಓಡಿಸುವುದು, ದಾರಿಯ ತಿರುವುಗಳನ್ನು ಅವನಿಂದಲೇ ಕಲಿಯುವುದು ನಮ್ಮಲ್ಲಿ ವಾಡಿಕೆಯಾಯಿತು. 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ಚಿಕಿತ್ಸೆಗಾಗಿ ಕರಾವಳಿಗೆ ಬರುವವರು ಹೆಚ್ಚಿದರು. ಚಾರ್ಮಾಡಿ ಘಟ್ಟವಿಳಿದು ಉಜಿರೆ, ಬೆಳ್ತಂಗಡಿ, ಬಂಟ್ವಾಳಗಳ ಮಾರ್ಗವಾಗಿ ಮಲೆನಾಡಿನ ರೋಗಿಗಳೂ ಬರತೊಡಗಿದರು. 1984ರಲ್ಲಿ ತಯಾರಾಗತೊಡಗಿದ ಮಾರುತಿ ಕಂಪೆನಿಯ ಪುಟ್ಟ ವ್ಯಾನು ತೋಟದ ಅಂಗಳದವರೆಗೂ ಹೋಗಬಲ್ಲದಾಗಿತ್ತು. ಅದರಲ್ಲೊಂದು ಮಂಚವನ್ನೂ ಆಮ್ಲಜನಕದ ಸಿಲಿಂಡರನ್ನೂ ಇರಿಸಿದರೆ ಆಂಬುಲೆನ್ಸು ಸಿದ್ಧ. ಅಣ್ಣನು ಹಗಲು, ತಮ್ಮನು ರಾತ್ರಿ ಓಡಿಸುವುದು, ಮನೆಯಾಕೆಯು ದೂರವಾಣಿಗೆ ಉತ್ತರಿಸುವುದು: ಒಂದು ಸಂಸಾರವೇ ಒಂದು ಕಂಪೆನಿಯಾಗಲು ಇಷ್ಟು ಸಾಕಾಯಿತು.

2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಸಂಖ್ಯೆಯ ಉಚಿತ ಸೇವೆಯು ಆರಂಭವಾಯಿತು. ಇದರಿಂದ ಬಡವರಿಗಾದ ಉಪಕಾರವು ಅಷ್ಟಿಷ್ಟಲ್ಲ. ಆದರೂ ಮನೆತನದ ಗಾಡಿಗಳಿಗೆ ಕೆಲಸ ತಪ್ಪಲಿಲ್ಲ. ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಸಾಗಿಸುವುದು, ಗುಣಹೊಂದಿದವರನ್ನು ಮನೆಗೆ ಮುಟ್ಟಿಸುವುದು, ಗತಿಸಿದವರನ್ನು ಕೊನೆಯ ಸಲ ಊರಿಗೆ ತರುವುದು ಬಹುತೇಕ ಅವುಗಳ ಪಾಲಿಗೇ ಉಳಿದಿದೆ.

2020ನೆಯ ಇಸವಿಯು ಈ ಸೇವೆಯ ಶಕ್ತಿಯನ್ನೂ ಅಶಕ್ತಿಯನ್ನೂ ಏಕಕಾಲದಲ್ಲಿ ತೋರಿಸಿತು. ಆ ಫೆಬ್ರುವರಿಯಲ್ಲಿ ಹೃದ್ರೋಗಪೀಡಿತವಾದ ನಲವತ್ತು ದಿನದ ಶಿಶುವೊಂದನ್ನು ಬೆಳ್ತಂಗಡಿ ತಾಲೂಕಿನ ಚಾಲಕನೊಬ್ಬನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ತಾಸಿನೊಳಗೆ ತಲುಪಿಸಿದನು. ಅದು ಧರ್ಮಾರ್ಥ ಸಂಘವೊಂದರ ಗಾಡಿ. ಪೋಲೀಸರೂ ಜನರೂ ದಾರಿಯುದ್ದಕ್ಕೂ ಮಾರ್ಗ ತೆರವು ಮಾಡಿದರು. ಮುಂದಿನ ತಿಂಗಳೇ ಕೋವಿಡ್ ಭೀತಿಯಿಂದ ತಲಪಾಡಿಯ ಗಡಿಯು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಹೊಸ್ತಿಲಲ್ಲೇ ತಡೆಯಲ್ಪಟ್ಟರು, ಕೆಲವರು ಅಸುನೀಗಿದರು. ಪ್ರಕರಣವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲಿನಲ್ಲಿ ರೋಗಿಗಳಿಗೆ ಷರತ್ತಿನ ಮೇಲೆ ದಾರಿ ದೊರೆಯಿತು. ಗಾಡಿಯಿದ್ದರೆ ಸಾಲದು, ಸಮಾಜವು ದಾರಿ ಬಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ? 2019ರ ಮೋಟಾರು ವಾಹನ ತಿದ್ದುಪಡಿಯು ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡವನ್ನು ವಿಧಿಸಿದೆ.

ಇನ್ನು ಬಾಡಿಗೆಯ ಮಾತು. ರೋಗಿಯು ನರಳುತ್ತಿರುವಾಗ ಆಗುವ ಚೌಕಾಶಿಯು ಇತ್ತಂಡಕ್ಕೂ ಗೌರವವಲ್ಲ. ಕೊಡುವವನಿಗೆ ಸುಲಿಗೆಯ ಶಂಕೆ. ರಾತ್ರಿಯೆಲ್ಲ ಎಚ್ಚರವಿದ್ದು ದುಡಿದವನಿಗೆ ಅಪವಾದದ ನೋವು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಸೋಫುಸ್ ಫಾಲ್ಕನು 1906ರಲ್ಲಿ ಸ್ಥಾಪಿಸಿದ ಖಾಸಗಿ ರಕ್ಷಣಾ ಸಂಸ್ಥೆಯು ಬಹುಕಾಲ ಅವನ ಕುಟುಂಬದವರ ಕೈಯಲ್ಲಿಯೇ ಇದ್ದು ಆ ದೇಶದ ಆಂಬುಲೆನ್ಸ್ ಸೇವೆಯ ಆಧಾರವಾಯಿತು. ಆಪತ್ತು ಬರುವ ಮುನ್ನವೇ ಚಂದಾ ಸಲ್ಲಿಸಿರುವ ಪದ್ಧತಿಯು ಅದರ ಬೆಳವಣಿಗೆಗೆ ಒಂದು ಆಸರೆ. ಪತ್ತಿನ ಸಂಘ, ಹಾಲಿನ ಸಂಘಗಳನ್ನು ಇಷ್ಟು ಚೆನ್ನಾಗಿ ನಡೆಸಿಕೊಂಡು ಬಂದ ನಮ್ಮ ಗ್ರಾಮಗಳಿಗೆ ಇಂತಹ ಏರ್ಪಾಡು ಅಸಾಧ್ಯವೆನ್ನಬಹುದೆ?

ಅದರೊಡನೆ ಮನೆಯವರು ಕೇಳಿ ತಿಳಿಯತಕ್ಕ ವಿಷಯವೊಂದುಂಟು. ಭಾರತದ ಈಗಿನ ನಿಯಮಾವಳಿಯು ಆಂಬುಲೆನ್ಸುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ; ಕೇವಲ ಸಾಗಿಸುವುದಕ್ಕೆ ಒಂದು, ಪ್ರಾಣರಕ್ಷಣೆಯ ಸರ್ವಸಾಧನಗಳುಳ್ಳದ್ದು ಇನ್ನೊಂದು. ಬಂದ ಗಾಡಿ ಯಾವುದು, ರೋಗಿಯ ಪಕ್ಕದಲ್ಲಿ ಕುಳಿತವನಿಗೆ ಏನು ಬಲ್ಲದು ಎಂದು ವಿಚಾರಿಸುವುದು ಅವಿಶ್ವಾಸವಲ್ಲ, ವಿವೇಕ. ಪಕ್ಕದಲ್ಲಿ ಯಾರೂ ಇಲ್ಲದ ಗಾಡಿಯು ಎಷ್ಟು ವೇಗವಾಗಿ ಓಡಿದರೂ ಚಕ್ರ ಕಟ್ಟಿದ ಡೋಲಿಯೇ ಸರಿ.

ಡೋಲಿ ಹೊತ್ತವರ ಹೆಸರುಗಳನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಹಣ ಕೊಟ್ಟ ಮಾತ್ರಕ್ಕೆ ಆ ಋಣವು ತೀರಿತೆಂದು ನಾವು ಭಾವಿಸದಿದ್ದರೆ, ಹಣ ಪಡೆದ ಮಾತ್ರಕ್ಕೆ ತನ್ನ ಹೊಣೆ ಮುಗಿಯಿತೆಂದು ಚಾಲಕನೂ ಭಾವಿಸದಿದ್ದರೆ, ಆ ಹಳೆಯ ಕರಾರು ಇನ್ನೂ ಉಳಿದಿದೆಯೆಂದೇ ಹೇಳಬಹುದು.