ಗೋಕಾಕ ಸೀಮೆಯ ರೈಲು: ಹಳಿಯಿಂದ ಊರಿನ ತನಕ

ಗೋಕಾಕ ಸೀಮೆಗೆ ರೈಲು ಬಂದದ್ದು 1880ರ ದಶಕದ ಕೊನೆಯ ಹೊತ್ತಿಗೆ. 1876–78ರ ಭೀಕರ ಬರದಲ್ಲಿ ಒಳನಾಡಿಗೆ ಕಾಳು ಸಾಗಿಸುವುದು ದುಸ್ತರವಾಗಿ ಅಸಂಖ್ಯ ಜನ ಪ್ರಾಣ ಕಳೆದುಕೊಂಡಿದ್ದರು. ಆ ಬರದ ಬೆನ್ನಲ್ಲೇ 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಪುಣೆ, ಮಿರಜ, ಬೆಳಗಾವಿ, ಲೋಂಡಾಗಳನ್ನು ಮೀಟರ್ ಗೇಜ್ ಹಳಿಯಿಂದ ಕೂಡಿಸಿತು. ಲೋಂಡಾದಿಂದ ಮುಂದೆ ಮಾರ್ಮಗೋವಾ ಬಂದರಿಗೂ ದಾರಿಯಾಯಿತು. ಹತ್ತಿ ಬೆಳೆಯುವ ಈ ನಾಡಿಗೆ ಬಂದರಿನ ನಂಟು ದೊಡ್ಡ ಬಲ.

ಬಂಡವಾಳ ಮೊದಲು ಹುಡುಕಿಕೊಂಡು ಬಂದದ್ದು ಗೋಕಾಕ ಜಲಪಾತವನ್ನು. 1885ರಲ್ಲಿ ಹುಟ್ಟಿದ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭಾ ನದಿಯ ಶಕ್ತಿಯಿಂದ ನೂಲಿನ ಗಿರಣಿ ನಡೆಸಿತು. ದೂರದಿಂದ ಕಲ್ಲಿದ್ದಲು ತರಿಸುವ ಹೊರೆ ತಪ್ಪಿತು. ನೀರು ಯಂತ್ರವನ್ನು ತಿರುಗಿಸಬಲ್ಲದು, ನೂಲಿನ ಮೂಟೆಯನ್ನು ದೂರದ ಪೇಟೆಗೆ ಮುಟ್ಟಿಸಲಾರದು. ಆ ಕೆಲಸಕ್ಕೆ ರೈಲು ಬೇಕಿತ್ತು. ಜಲಪಾತ, ಹತ್ತಿ, ಹಳಿ ಈ ಮೂರೂ ಒಂದೇ ದಶಕದಲ್ಲಿ ಒಂದೆಡೆ ಸೇರಿದ್ದೇ ಇಲ್ಲಿನ ಕೈಗಾರಿಕೆಯ ಮೂಲ. ಇದೇ ಮಾರ್ಗದ ಘಟಪ್ರಭಾ ನಿಲ್ದಾಣದ ಊರಿನಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮವೂ ರೈಲಿನಿಂದಾಗಿ ದೂರದ ರೋಗಿಗಳಿಗೆ ಎಟುಕುವಂತಾಯಿತು.

ಆದರೆ ಹಳಿ ಹಾದುಹೋದದ್ದು ಸೀಮೆಯ ಪಶ್ಚಿಮದಲ್ಲಿ. ಗೋಕಾಕ ಪಟ್ಟಣದ ಪಾಲಿನ ನಿಲ್ದಾಣ ಗೋಕಾಕ ರೋಡ್ ಪಟ್ಟಣದಿಂದ ದೂರ ಉಳಿಯಿತು. ಮೇಲವಂಕಿ, ಕೌಜಲಗಿ, ಮೂಡಲಗಿಯ ಕಡೆಯ ರೈತರಿಗೆ ರೈಲು ಸಿಗಬೇಕಾದರೆ ಮೊದಲು ರಸ್ತೆಯ ಪಯಣ ಮುಗಿಯಬೇಕು. ಆ ಪಯಣ ಚಕ್ಕಡಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಎತ್ತು ಬಿಚ್ಚಲು, ಮೂಟೆ ಇಳಿಸಲು ನಿಲ್ದಾಣದ ಹೊರಗಿನ ಬಯಲು ಪ್ಲಾಟ್‌ಫಾರ್ಮಿನಷ್ಟೇ ಮುಖ್ಯವಾಗಿತ್ತು. ಇಂದಿನ ಪಾರ್ಕಿಂಗ್ ಅಂಗಳ ಮಾಡಬೇಕಾದ ಕೆಲಸವೂ ಅದೇ. ಬೆಳಿಗ್ಗೆ ಬೈಕ್ ಬಿಟ್ಟು ಬೆಳಗಾವಿಗೆ ಹೋಗುವವನಿಗೆ ನೆಮ್ಮದಿಯ ಜಾಗ ಇಲ್ಲದಿದ್ದರೆ ಆತ ಬಸ್ಸನ್ನೇ ಹಿಡಿಯುತ್ತಾನೆ. ನಿಲ್ದಾಣದ ಸುತ್ತಲಿನ ಅಂಗಡಿಗೂ ಗಿರಾಕಿ ತಪ್ಪುತ್ತಾನೆ.

ಸೀಮೆ ಹೆಚ್ಚು ಕಳೆದುಕೊಂಡದ್ದು ಗೇಜಿನ, ಅಂದರೆ ಹಳಿಗಳ ನಡುವಿನ ಅಗಲದ, ವಿಷಯದಲ್ಲಿ. 1971ರಲ್ಲಿ ಪುಣೆ–ಮಿರಜ ಮಾರ್ಗ ಬ್ರಾಡ್ ಗೇಜ್ ಆಯಿತು, ಮಿರಜದ ಈಚೆ ಮೀಟರ್ ಗೇಜೇ ಉಳಿಯಿತು. ಉತ್ತರಕ್ಕೆ ಹೊರಟ ಸರಕನ್ನು ಮಿರಜದಲ್ಲಿ ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಯಿತು. ಹಿಡಕಲ್ ಅಣೆಕಟ್ಟು ಮತ್ತು ಕಾಲುವೆಗಳಿಂದ ಕಬ್ಬು ಹಬ್ಬುತ್ತಿದ್ದ ವರ್ಷಗಳಲ್ಲೇ ಈ ತೊಡಕು ಇತ್ತೆಂಬುದು ನೋವಿನ ಸಂಗತಿ. 1990ರ ದಶಕದಲ್ಲಿ ಗೇಜ್ ಬದಲಾಗುವ ಹೊತ್ತಿಗೆ ಲಾರಿ ಬೇರೂರಿತ್ತು. ಪಕ್ಕದ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ರೈಲಿಲ್ಲದೆಯೂ ಪುಣೆ–ಬೆಂಗಳೂರು ಹೆದ್ದಾರಿಯನ್ನು ನೆಚ್ಚಿ ವ್ಯಾಪಾರದ ಊರಾಗಿ ಬೆಳೆದಿತ್ತು.

2003ರಲ್ಲಿ ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆ ವಲಯ ಕಾರ್ಯಾರಂಭ ಮಾಡಿತು. ಮುಂದೆ ಸುಮಾರು 186 ಕಿ.ಮೀ. ಉದ್ದದ ಲೋಂಡಾ–ಮಿರಜ ಜೋಡಿ ಮಾರ್ಗದ ಕೆಲಸ ನಡೆಯಿತು. ಒಂಟಿ ಹಳಿಯಲ್ಲಿ ಎದುರು ಗಾಡಿಗಾಗಿ ಕಾಯುವ ಹೊತ್ತು ಉಳಿಸುವ ಈ ಕೆಲಸ ಹೊಸ ಗಾಡಿಯೊಂದಕ್ಕೆ ಬಾವುಟ ತೋರಿಸುವುದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಅಮೃತ ಭಾರತ ನಿಲ್ದಾಣ ಯೋಜನೆಗೆ ಘಟಪ್ರಭಾ, ಗೋಕಾಕ ರೋಡ್ ಎರಡೂ ಆಯ್ಕೆಯಾದವು. ನಿಲ್ದಾಣದ ಕೂಡುರಸ್ತೆ, ವಾಹನ ನಿಲುಗಡೆ, ಕಾಯುವ ಕೋಣೆಗಳ ಸುಧಾರಣೆ ಈ ಯೋಜನೆಯ ಭಾಗ. ನವೀಕೃತ ಗೋಕಾಕ ರೋಡ್ ನಿಲ್ದಾಣ 2025ರ ಮೇ 22ರಂದು ಉದ್ಘಾಟನೆಯಾಯಿತು. ಆದರೆ 2024ರ ಸೆಪ್ಟೆಂಬರಿನಲ್ಲಿ ಹೊರಟ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಗಾಡಿಯ ಮೊದಲ ನಿಲುಗಡೆಗಳಲ್ಲಿ ಬೆಳಗಾವಿ, ಮಿರಜ ಇದ್ದವು, ನಡುವಿನ ಘಟಪ್ರಭಾ ಇರಲಿಲ್ಲ. ಕಟ್ಟಡ, ಅಂಗಳಗಳ ಜೊತೆಗೆ ಗಾಡಿಯೂ ನಿಂತರೆ ಮಾತ್ರ ಉದ್ಯಮಿ ಈ ನಿಲ್ದಾಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ.